ಹೊಸ ಮನೆಯ ಬಾಲ್ಕನಿಯಲ್ಲಿ ತುಳಸಿ ಏಕೆ ಒಣಗಿತು?

[ದೃಶ್ಯ: ಬಾಲ್ಕನಿಯಲ್ಲಿ ಎಲೆಯುದುರಿ ಕಡ್ಡಿಯಾಗಿ ನಿಂತಿರುವ ತುಳಸಿ]

ನಮಸ್ಕಾರ. ಈ ತುಳಸಿ ಹನುಮಂತನಗರದ ನಮ್ಮ ಹಳೆಯ ಬಾಡಿಗೆ ಮನೆಯ ಅಂಗಳದಲ್ಲಿ ಮೂರು ವರ್ಷ ಸೊಂಪಾಗಿ ಬೆಳೆದಿತ್ತು. ಮೇ ತಿಂಗಳಲ್ಲಿ ನಾವು ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟಿಗೆ ಬಂದೆವು. ಜೂನ್ ಮುಗಿಯುವಷ್ಟರಲ್ಲಿ ಅದು ಹೀಗಾಯಿತು. ಜೊತೆಗೆ ಬಂದ ಕರಿಬೇವೂ ಹಳದಿಗೆ ತಿರುಗಿತು. ಮನೆ ಬದಲಿಸಿದವರು ಗಿಡ ಬಾಡಿದ ಕೂಡಲೇ ಇನ್ನೊಂದು ಚೊಂಬು ನೀರು ಹಾಕುತ್ತಾರೆ. ನಾನೂ ಅದನ್ನೇ ಮಾಡಿದೆ, ಅದರಿಂದ ಹಾನಿ ಹೆಚ್ಚಾಯಿತು. ಆ ಮನೆಗೂ ಈ ಮನೆಗೂ ಬಿಸಿಲು ಮತ್ತು ನೀರು ಎರಡೂ ಬೇರೆಯಾಗಿದ್ದವು ಎಂಬುದನ್ನು ನಾನು ಮೊದಲು ನೋಡಬೇಕಿತ್ತು.

[ದೃಶ್ಯ: ಬಾಲ್ಕನಿಯ ನೆಲದ ಮೇಲೆ ಬಿಸಿಲಿನ ಗೆರೆ, ಸೂರ್ಯನ ಪಥದ ಚಿತ್ರ]

ಬಿಸಿಲಿನ ವಿಷಯದಲ್ಲಿ ನಾನು ಮೋಸಹೋದದ್ದು ಜನವರಿಯಲ್ಲಿ. ಮನೆ ನೋಡಲು ಬಂದ ದಿನ ದಕ್ಷಿಣದ ಬಾಲ್ಕನಿಯನ್ನು ದಾಟಿ ಹಾಲ್‌ನ ಸೋಫಾದವರೆಗೂ ಬಿಸಿಲು ಬಿದ್ದಿತ್ತು. ತುಳಸಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಡ ಎಂದುಕೊಂಡೆ. ಆದರೆ ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯಲ್ಲಿ ನಡುಹಗಲಿನ ಸೂರ್ಯ ನಮ್ಮ ನೆತ್ತಿಯಿಂದ 36 ಡಿಗ್ರಿಗೂ ಹೆಚ್ಚು ದಕ್ಷಿಣಕ್ಕೆ ವಾಲಿರುತ್ತಾನೆ, ಆದ್ದರಿಂದ ಬಿಸಿಲು ಓರೆಯಾಗಿ ಮನೆಯೊಳಗೆ ನುಗ್ಗುತ್ತದೆ. ಏಪ್ರಿಲ್ 24ರ ಸುಮಾರಿಗೆ ಅವನು ನೇರ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟ ಕಂಬಕ್ಕೆ ನೆರಳೇ ಇಲ್ಲದ ಆ ಶೂನ್ಯ ನೆರಳಿನ ದಿನವನ್ನು ನಗರದ ಶಾಲೆಗಳ ಮಕ್ಕಳು ಬಲ್ಲರು. ಅಲ್ಲಿಂದ ಆಗಸ್ಟ್ 18ರ ಸುಮಾರಿಗೆ ಮತ್ತೆ ನೆತ್ತಿಗೆ ಬರುವವರೆಗೆ ಸೂರ್ಯ ದಿನವಿಡೀ ಉತ್ತರದ ಕಡೆಗೇ ಇರುತ್ತಾನೆ, ಹಾಗಾಗಿ ನೇರ ದಕ್ಷಿಣಕ್ಕೆ ಮುಖಮಾಡಿದ ಬಾಲ್ಕನಿಗೆ ಸುಮಾರು ನಾಲ್ಕು ತಿಂಗಳು ನೇರ ಬಿಸಿಲು ಬೀಳುವುದೇ ಇಲ್ಲ. ವೈಶಾಖದಲ್ಲಿ ಗೃಹಪ್ರವೇಶ ಮಾಡಿ ದಕ್ಷಿಣದ ಬಾಲ್ಕನಿಯಲ್ಲಿ ತುಳಸಿ ಇಟ್ಟರೆ, ಅದು ಕತ್ತಲ ಕಾಲಕ್ಕೇ ಕಾಲಿಟ್ಟಂತೆ.

ಬೆಳಕು ಕಡಿಮೆಯಾದ ಗಿಡ ನೀರನ್ನೂ ಕಡಿಮೆ ಕುಡಿಯುತ್ತದೆ. ನಾವು ಹಳೆಯ ಅಳತೆಯಲ್ಲೇ ಸುರಿದರೆ ಕುಂಡದ ಮಣ್ಣು ಒಣಗುವುದಿಲ್ಲ, ಬೇರಿಗೆ ಗಾಳಿ ಸಿಗದೆ ಅದು ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಮೇಲಕ್ಕೆ ಕಳಿಸಲಾರದ್ದರಿಂದ ಎಲೆಗಳು ಬಾಯಾರಿದ ಗಿಡದಂತೆಯೇ ಜೋತುಬೀಳುತ್ತವೆ. ನಾನು ಕುಂಡದಿಂದ ತುಳಸಿಯನ್ನು ಕಿತ್ತಾಗ ಬೇರು ಕಂದಾಗಿ ಮೆತ್ತಗಾಗಿತ್ತು, ಬೆರಳಲ್ಲಿ ಹಿಡಿದರೆ ಸಿಪ್ಪೆ ಜಾರಿ ದಾರದಂತಹ ಎಳೆ ಮಾತ್ರ ಕೈಯಲ್ಲಿ ಉಳಿಯುತ್ತಿತ್ತು. ಎರಡನೆಯ ಗೆಣ್ಣಿನವರೆಗೆ ಬೆರಳು ಇಳಿಸಿ ನೋಡಿ, ತೇವ ತಗುಲಿದರೆ ಆ ದಿನ ನೀರು ಹಾಕಬೇಡಿ.

[ದೃಶ್ಯ: ಹಳದಿಯಾದ ಕರಿಬೇವು, ಕುಂಡದ ಅಂಚಿನ ಬಿಳಿ ಪುಡಿ ಹತ್ತಿರದಿಂದ]

ಕರಿಬೇವಿನ ಕಥೆ ಬೇರೆ. ಅದನ್ನು ಉತ್ತರದ ಯುಟಿಲಿಟಿಯಲ್ಲಿ ಇಟ್ಟಿದ್ದೆ. ಆ ತಿಂಗಳುಗಳಲ್ಲಿ ಬೆಳಗ್ಗೆ, ಸಂಜೆ ಅಲ್ಲಿಗೆ ಓರೆ ಬಿಸಿಲು ಬರುತ್ತಿತ್ತು. ಆದರೂ ಎಲೆಗಳ ತುದಿ ಸುಟ್ಟಂತಾಗಿ, ನರಗಳು ಮಾತ್ರ ಹಸಿರಾಗಿ ಉಳಿದವು. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿತ್ತು. ನಲ್ಲಿ ರಿಪೇರಿಗೆ ಬಂದ ಪ್ಲಂಬರ್ ಅದನ್ನು ಉಗುರಿನಿಂದ ಕೆರೆದು, "ಇದು ಸಾಫ್ಟ್‌ನರ್ ನೀರು ಮೇಡಂ, ಗಿಡಕ್ಕೆ ಆಗೋದಿಲ್ಲ" ಎಂದರು. ಅವರ ಮಾತು ಸರಿಯಾಗಿತ್ತು.

ಹನುಮಂತನಗರದಲ್ಲಿ ನಮಗೆ ಬರುತ್ತಿದ್ದದ್ದು ಕಾವೇರಿ ನೀರು. ಇಲ್ಲಿ ಬರುವುದು ಬೋರ್‌ವೆಲ್‌ನ ಗಡಸು ನೀರು. ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅನ್ನು ಸಾಫ್ಟ್‌ನರ್ ಹಿಡಿದಿಟ್ಟುಕೊಂಡು, ಬದಲಿಗೆ ಸೋಡಿಯಂ ಬಿಡುತ್ತದೆ. ಪಾತ್ರೆಗೆ, ಗೀಸರ್‌ಗೆ ಇದು ಒಳ್ಳೆಯದು, ಬೇರಿಗೆ ಕೆಟ್ಟದ್ದು. ಸೋಡಿಯಂ ಸೇರಿದ ಕೆಂಪು ಮಣ್ಣು ಬಿಗಿದು ಕಲ್ಲಿನಂತಾಗುತ್ತದೆ, ಹಾಕಿದ ನೀರು ಮೇಲೆಯೇ ನಿಲ್ಲುತ್ತದೆ. ಸಾಫ್ಟ್‌ನರ್ ಇಲ್ಲದ ಗಡಸು ನೀರು ಕೂಡ ದಿನಗಳೆದಂತೆ ಮಣ್ಣನ್ನು ಕ್ಷಾರವಾಗಿಸಿ, ಕಬ್ಬಿಣದ ಅಂಶ ಗಿಡಕ್ಕೆ ದಕ್ಕದಂತೆ ಮಾಡುತ್ತದೆ. ಸೋಪು ಹಚ್ಚಿ ಕೈತೊಳೆದು ನೋಡಿ: ನೊರೆಯೇ ಬಾರದಿದ್ದರೆ ಗಡಸು ನೀರು, ಎಷ್ಟು ತೊಳೆದರೂ ಕೈ ಜಾರುತ್ತಿದ್ದರೆ ಸಾಫ್ಟ್‌ನರ್ ನೀರು.

ಆರ್‌ಓ ಯಂತ್ರ ಹೊರಹಾಕುವ ನೀರನ್ನು ಉಳಿತಾಯವೆಂದು ಕುಂಡಕ್ಕೆ ಸುರಿಯುವವರು ಬಹಳ ಜನ. ದಯವಿಟ್ಟು ಬೇಡ, ಅದರಲ್ಲಿ ಲವಣ ಇನ್ನಷ್ಟು ಸಾಂದ್ರವಾಗಿರುತ್ತದೆ. ಅದು ನೆಲ ಒರೆಸಲು ಇರಲಿ. ನಾನು ಟೆರೇಸಿನಲ್ಲಿ ಎರಡು ಡ್ರಮ್ ಇಟ್ಟು ಮಳೆನೀರು ಹಿಡಿದೆ, ಕರಿಬೇವಿನ ಕುಂಡಕ್ಕೆ ತಳದ ತೂತಿನಿಂದ ಧಾರಾಳವಾಗಿ ಹರಿದುಹೋಗುವಂತೆ ಮೂರು ಸಲ ಸುರಿದು ಲವಣ ತೊಳೆದೆ. ಸುಟ್ಟ ಎಲೆ ಮತ್ತೆ ಹಸಿರಾಗಲಿಲ್ಲ, ಆದರೆ ಆರನೆಯ ವಾರದಲ್ಲಿ ತಾಮ್ರದ ಬಣ್ಣದ ಚಿಗುರು ಬಂತು. ಕುಂಡ ಬದಲಿಸುವುದನ್ನು ಚಿಗುರು ಕಾಣುವವರೆಗೆ ಮುಂದೂಡಿ; ಟೆಂಪೋದಲ್ಲಿ ಕುಲುಕಾಡಿ ಬಂದ ಬೇರನ್ನು ತಕ್ಷಣ ಮತ್ತೆ ಕದಲಿಸುವುದು ಬೇಡ.

[ದೃಶ್ಯ: ದಕ್ಷಿಣದ ಬಾಲ್ಕನಿ; ಎಳೆಯ ತುಳಸಿ, ಪಕ್ಕದಲ್ಲಿ ವೀಳ್ಯದೆಲೆಯ ಬಳ್ಳಿ]

ಹಳೆಯ ತುಳಸಿ ಉಳಿಯಲಿಲ್ಲ. ಒಣಗಿದ ತೆನೆಯನ್ನು ಅಂಗೈಯಲ್ಲಿ ಉಜ್ಜಿ ಬೀಜ ತೆಗೆದು, ಯುಟಿಲಿಟಿಯ ಓರೆ ಬಿಸಿಲಿನಲ್ಲಿ ಸಸಿ ಮಾಡಿದೆ. ಮಳೆಗಾಲದ ದಕ್ಷಿಣದ ನೆರಳಿಗೆ ವೀಳ್ಯದೆಲೆಯ ಬಳ್ಳಿ ತಂದಿಟ್ಟೆ, ಅದಕ್ಕೆ ನೆರಳೇ ಇಷ್ಟ. ಸೆಪ್ಟೆಂಬರ್ ಕೊನೆಯಲ್ಲಿ ಬಿಸಿಲಿನ ಗೆರೆ ಬಾಲ್ಕನಿಯ ಕಂಬಿ ದಾಟಿ ಒಳಬಂದ ಮೇಲೆ ಸಸಿಯನ್ನು ಇಲ್ಲಿಗೆ ತಂದೆ. ಕಾರ್ತಿಕದ ಉತ್ಥಾನ ದ್ವಾದಶಿಯಂದು ನೆಲ್ಲಿಯ ಕೊಂಬೆಯನ್ನು ಇದರ ಪಕ್ಕದಲ್ಲೇ ನೆಟ್ಟೆವು.