ಪುಡಿ ಹಾಕಿ, ತಿಕ್ಕಿ, ಎಳೆದುಕೊಳ್ಳಿ: ನೀರಿಲ್ಲದೆ ಕಾರ್ಪೆಟ್ ತೊಳೆಯುವ ಮಾತು

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ಒಂದು ತೀರಾ ಸಾದಾ ಸಾಧನದ ಬಗ್ಗೆ ಮಾತಾಡುತ್ತೇನೆ. ಅದಕ್ಕೆ ಮೋಟಾರ್ ಇಲ್ಲ, ಕರೆಂಟ್ ಬೇಡ, ನೀರಿನ ಟ್ಯಾಂಕ್ ಇಲ್ಲ. ಒಂದು ಉದ್ದನೆಯ ಹಿಡಿ, ಹಿಡಿಯ ತುದಿಗೆ ಅಗಲವಾದ ಡಬ್ಬಿ, ಡಬ್ಬಿಯ ತಳದಲ್ಲಿ ಸಾಲಾಗಿ ತೂತುಗಳು, ತೂತುಗಳ ಪಕ್ಕದಲ್ಲೇ ಬ್ರಷ್. ಡಬ್ಬಿಗೆ ಪುಡಿ ತುಂಬಿ ಕಾರ್ಪೆಟ್ ಮೇಲೆ ಹಿಂದಕ್ಕೂ ಮುಂದಕ್ಕೂ ತಳ್ಳಿದರೆ ಪುಡಿ ಉದುರುತ್ತದೆ, ಉದುರಿದ ಪುಡಿಯನ್ನು ಬ್ರಷ್ ಎಳೆಗಳ ನಡುವೆ ಇಳಿಸುತ್ತದೆ. ಸ್ವಲ್ಪ ಹೊತ್ತು ಬಿಟ್ಟು ವ್ಯಾಕ್ಯೂಮ್ ಕ್ಲೀನರ್ ಹಾಕಿ ಆ ಪುಡಿಯನ್ನೆಲ್ಲ ಎಳೆದುಕೊಂಡರೆ ಮುಗಿಯಿತು. ಕಾರ್ಪೆಟ್ ಒದ್ದೆಯಾಗಿರುವುದಿಲ್ಲ, ಆಗಲೇ ಮೇಲೆ ಓಡಾಡಬಹುದು.

ಇದನ್ನು ಕೇಳಿದವರು ಮೊದಲು ಕೇಳುವ ಪ್ರಶ್ನೆ ಒಂದೇ. ಇರುವ ಧೂಳು ಸಾಲದು ಅಂತ ಮೇಲೆ ಇನ್ನಷ್ಟು ಪುಡಿ ಸುರಿಯಬೇಕಾ? ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಬೇಕು ಅಂದರೆ ಕಾರ್ಪೆಟ್‌ನಲ್ಲಿ ಇರುವ ಕೊಳೆ ಎಂಥದ್ದು ಅಂತ ಮೊದಲು ನೋಡಬೇಕು.

ಕಾರ್ಪೆಟ್‌ನಲ್ಲಿ ಸೇರಿಕೊಳ್ಳುವ ಕೊಳೆಯಲ್ಲಿ ಬಹುಪಾಲು ಒಣ ಕೊಳೆ. ಮರಳು, ಮಣ್ಣಿನ ಕಣ, ಚರ್ಮದ ಹೊಟ್ಟು, ಕೂದಲು, ಬಟ್ಟೆಯ ನಾರು. ಇದಕ್ಕೆ ಯಾವ ಪುಡಿಯೂ ಬೇಡ, ನಿಧಾನವಾಗಿ ವ್ಯಾಕ್ಯೂಮ್ ಮಾಡಿದರೆ ಬರುತ್ತದೆ. ನಿಧಾನವಾಗಿ ಅನ್ನುವುದನ್ನು ಸುಮ್ನೆ ಹೇಳುತ್ತಿಲ್ಲ, ಯಾಕೆಂದರೆ ನಮ್ಮಲ್ಲಿ ಹೆಚ್ಚಿನವರು ಗಾಡಿ ಓಡಿಸಿದ ಹಾಗೆ ಒಂದೇ ಸಲ ಸರ್ರನೆ ಎಳೆದು ಆಯಿತು ಅನ್ನುತ್ತೇವೆ, ಆದರೆ ಮರಳು ಇರುವುದು ಎಳೆಗಳ ಬುಡದಲ್ಲಿ, ಮೇಲಿಂದ ಒಂದು ಸಲ ಹೋದ ಗಾಳಿಗೆ ಅದು ಮಿಸುಕುವುದೂ ಇಲ್ಲ. ಆ ಮರಳಿನ ಕಣಗಳಿಗೆ ಚೂಪು ಅಂಚು ಇರುತ್ತದೆ. ನಾವು ಮೇಲೆ ನಡೆದಾಗಲೆಲ್ಲ ಅವು ಎಳೆಯನ್ನು ಗೀರುತ್ತವೆ. ಜಾಸ್ತಿ ಓಡಾಡುವ ಜಾಗದಲ್ಲಿ ಕಾರ್ಪೆಟ್ ಮಂಕಾಗಿ ಕಾಣುವುದಕ್ಕೆ ಈ ಗೀರುಗಳೂ ಒಂದು ಕಾರಣ, ಮತ್ತೆ ಆ ಮಂಕನ್ನು ಯಾವ ಪುಡಿಯೂ ತೆಗೆಯಲಾರದು.

ಉಳಿದದ್ದು ಜಿಡ್ಡು. ಬರಿಗಾಲಿನ ಎಣ್ಣೆ, ಅಡುಗೆ ಮನೆಯಿಂದ ಗಾಳಿಯಲ್ಲಿ ಬಂದ ಹೊಗೆ ಮತ್ತು ಎಣ್ಣೆಯ ಹನಿ, ಹೊರಗಿನ ಮಸಿ. ಇದು ಎಳೆಗೆ ತೆಳುವಾಗಿ ಅಂಟಿಕೊಂಡು, ತನ್ನ ಮೇಲೆ ಬಿದ್ದ ನುಣ್ಣನೆಯ ಧೂಳನ್ನೂ ಹಿಡಿದುಕೊಂಡು ಕೂರುತ್ತದೆ. ವ್ಯಾಕ್ಯೂಮ್‌ನ ಗಾಳಿಗೆ ಇದು ಜಗ್ಗುವುದಿಲ್ಲ. ಪುಡಿಗೆ ಕೆಲಸ ಇರುವುದು ಇಲ್ಲಿ ಮಾತ್ರ.

ನಿಜವಾದ ಕ್ಲೀನಿಂಗ್ ಪೌಡರ್ ಪೂರ್ತಿ ಒಣಗಿದ ಪುಡಿ ಅಲ್ಲ. ಕೈಯಲ್ಲಿ ಹಿಡಿದರೆ ಸ್ವಲ್ಪ ತೇವ ಗೊತ್ತಾಗುತ್ತದೆ. ಮರದ ನುಣ್ಣನೆಯ ಹುಡಿ, ಗಿಡದ ನಾರಿನಿಂದ ತೆಗೆದ ಸೆಲ್ಯುಲೋಸ್, ಅರೆದ ಜೋಳದ ದಿಂಡು, ಅಥವಾ ಒಂದು ಬಗೆಯ ಪ್ಲಾಸ್ಟಿಕ್ಕಿನ ಕಣ, ಹೀಗೆ ತಯಾರಕರು ಬೇರೆ ಬೇರೆ ವಸ್ತು ಬಳಸುತ್ತಾರೆ. ಎಲ್ಲದರ ಗುಣ ಒಂದೇ: ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳು. ಆ ರಂಧ್ರಗಳಲ್ಲಿ ಸ್ವಲ್ಪ ನೀರು, ಸ್ವಲ್ಪ ಸೋಪಿನಂಥ ದ್ರವ, ಕೆಲವದರಲ್ಲಿ ಜಿಡ್ಡು ಕರಗಿಸುವ ಸಾಲ್ವೆಂಟ್ ಕೂಡ ಹೀರಿಕೊಂಡಿರುತ್ತದೆ. ಬ್ರಷ್ ತಿಕ್ಕಿದಾಗ ಈ ಕಣ ಎಳೆಗೆ ಉಜ್ಜಿಕೊಳ್ಳುತ್ತದೆ, ತನ್ನಲ್ಲಿರುವ ದ್ರವವನ್ನು ತುಸು ಬಿಟ್ಟುಕೊಡುತ್ತದೆ, ಜಿಡ್ಡು ಸಡಿಲವಾಗುತ್ತದೆ, ಸಡಿಲವಾದ ಜಿಡ್ಡನ್ನೂ ದ್ರವವನ್ನೂ ಅದೇ ಕಣ ವಾಪಸ್ ಹೀರಿಕೊಳ್ಳುತ್ತದೆ. ತೇವ ಆರಿಹೋದ ಮೇಲೆ ಕೊಳೆ ಕಣದಲ್ಲೇ ಉಳಿಯುತ್ತದೆ. ಆಮೇಲೆ ಕಣವನ್ನು ತೆಗೆದರೆ ಕೊಳೆಯೂ ಹೋದ ಹಾಗೆ.

ಹಾಗಾಗಿ ಪುಡಿ ಉದುರಿಸಿದ್ದರಿಂದ ಏನೂ ಸ್ವಚ್ಛವಾಗುವುದಿಲ್ಲ. ಎಳೆಗೆ ತಾಗಬೇಕು, ತಿಕ್ಕಬೇಕು, ಆಮೇಲೆ ಹಾಕಿದ್ದು ಅಷ್ಟೂ ಹೊರಗೆ ಬರಬೇಕು. ಈ ಸಾಧನದ ಬೆಲೆ ಇರುವುದೆಲ್ಲ ಅಲ್ಲೇ. ಕೈಯಿಂದ ಎರಚಿದರೆ ಒಂದು ಕಡೆ ಗುಡ್ಡೆ, ಇನ್ನೊಂದು ಕಡೆ ಖಾಲಿ. ಡಬ್ಬಿಯ ತೂತಿನಿಂದ ಬಂದರೆ ಎಲ್ಲ ಕಡೆ ಒಂದೇ ಸಮ, ತೆಳ್ಳಗೆ. ತೆಳ್ಳಗೆ ಬಿದ್ದದ್ದು ಸುಲಭವಾಗಿ ವಾಪಸ್ ಬರುತ್ತದೆ, ಗುಡ್ಡೆ ಬಿದ್ದದ್ದು ಬುಡಕ್ಕೆ ಇಳಿದು ಅಲ್ಲೇ ಮನೆ ಮಾಡುತ್ತದೆ.

ಅಡುಗೆ ಸೋಡಾದ ವಿಷಯಕ್ಕೆ ಬರೋಣ, ಯಾಕೆಂದರೆ ಯಾರನ್ನು ಕೇಳಿದರೂ ಮೊದಲು ಹೇಳುವುದು ಅದನ್ನೇ. ಸೋಡಾ ವಾಸನೆಗೆ ಒಳ್ಳೆಯದು. ಅನೇಕ ಕೆಟ್ಟ ವಾಸನೆಗಳು ಆಮ್ಲದ ಗುಣದವು, ಸೋಡಾ ಅದಕ್ಕೆ ವಿರುದ್ಧ ಗುಣದ್ದು, ಎರಡೂ ಸೇರಿದರೆ ವಾಸನೆ ಅಡಗುತ್ತದೆ. ಆದರೆ ಅದರಲ್ಲಿ ಸೋಪು ಇಲ್ಲ, ಹಾಗಾಗಿ ಎಳೆಗೆ ಹಿಡಿದ ಜಿಡ್ಡಿನ ಮೇಲೆ ಅದರ ಆಟ ನಡೆಯುವುದಿಲ್ಲ. ಸುವಾಸನೆ ಬೆರೆಸಿದ ಕಾರ್ಪೆಟ್ ಪೌಡರ್ ಅಂತ ಡಬ್ಬಿಗಳಲ್ಲಿ ಬರುವ ಎಷ್ಟೋ ಪುಡಿಗಳೂ ಇದೇ ಜಾತಿಯವು, ಅವು ಘಮ ಕೊಡುತ್ತವೆ ಅಷ್ಟೇ, ಘಮ ಬಂತು ಅಂದರೆ ಕೊಳೆ ಹೋಯಿತು ಅಂತ ಅರ್ಥ ಅಲ್ಲ ಅಲ್ವಾ? ಇನ್ನೂ ಒಂದು ತೊಂದರೆ. ಸೋಡಾ ಬಹಳ ನುಣ್ಣಗೆ ಇರುತ್ತದೆ. ಬಕೆಟ್ಟುಗಟ್ಟಲೆ ಸುರಿದು ವ್ಯಾಕ್ಯೂಮ್ ಮಾಡಿದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಗಾಳಿ ಎಳೆಯುವ ಶಕ್ತಿ ಕುಸಿಯುತ್ತದೆ, ಮೋಟಾರ್ ಬಿಸಿಯಾಗುತ್ತದೆ.

ಸೋಡಾ ಹಾಕಿ ಮೇಲೆ ವಿನೆಗರ್ ಸುರಿಯಿರಿ, ನೊರೆ ಬಂದು ಕೊಳೆ ಎದ್ದು ಬರುತ್ತದೆ ಅನ್ನುವ ಉಪಾಯವಂತೂ ನನಗೆ ಒಪ್ಪಿಗೆ ಇಲ್ಲ. ನೊರೆ ನೋಡೋಕೆ ಚೆನ್ನ. ಅಲ್ಲಿ ಆಗುವುದು ಇಷ್ಟು: ಎರಡೂ ಒಂದನ್ನೊಂದು ಕೊಂದುಕೊಂಡು ಗಾಳಿಗುಳ್ಳೆ, ನೀರು ಮತ್ತು ಸೋಡಿಯಂ ಅಸಿಟೇಟ್ ಅನ್ನುವ ಒಂದು ಉಪ್ಪು ಉಳಿಯುತ್ತದೆ. ಸೋಡಾದ ಗುಣವೂ ಹೋಯಿತು, ವಿನೆಗರ್ ಗುಣವೂ ಹೋಯಿತು, ಕಾರ್ಪೆಟ್ ಒದ್ದೆಯಾಯಿತು, ಉಪ್ಪು ಎಳೆಯಲ್ಲಿ ಕೂತಿತು.

ನೀರಲ್ಲೇ ತೊಳೆದರೆ ಏನಾಗುತ್ತದೆ ಅಂತ ಕೇಳಬಹುದು. ತೊಳೆಯಬಹುದು, ಕೆಲವು ಸಲ ತೊಳೆಯಲೇಬೇಕು. ಬೆಕ್ಕೋ ನಾಯಿಯೋ ಉಚ್ಚೆ ಹೊಯ್ದಿದ್ದರೆ ಅದು ಬುಡ ದಾಟಿ ಹಿಂಬದಿಯ ಬಟ್ಟೆಗೂ ಅದರ ಕೆಳಗಿನ ಮೆತ್ತೆಗೂ ಇಳಿದಿರುತ್ತದೆ, ಪುಡಿ ಅಲ್ಲಿಗೆ ಮುಟ್ಟುವುದಿಲ್ಲ. ಹಾಲು ಚೆಲ್ಲಿದರೂ ಅಷ್ಟೇ. ಆದರೆ ಮಾಮೂಲಿ ಜಿಡ್ಡಿಗೆ ನೀರು ಹಾಕುವುದರಲ್ಲಿ ಅಪಾಯ ಜಾಸ್ತಿ. ಅನೇಕ ಕಾರ್ಪೆಟ್‌ಗಳ ಹಿಂಬದಿ ಸೆಣಬಿನದ್ದು. ಸೆಣಬು ನೆನೆದು ನಿಧಾನವಾಗಿ ಆರಿದರೆ ಅದರ ಕಂದು ಬಣ್ಣ ಮೇಲಕ್ಕೆ ಏರಿ ಎಳೆಯ ತುದಿಯಲ್ಲಿ ಕಲೆಯಾಗಿ ನಿಲ್ಲುತ್ತದೆ. ಕೆಲವು ಕಾರ್ಪೆಟ್ ಕುಗ್ಗುತ್ತವೆ. ಒಂದೆರಡು ದಿನ ಒದ್ದೆ ಇದ್ದರೆ ಬೂಷ್ಟು ಹಿಡಿಯೋಕೆ ಶುರುವಾಗುತ್ತದೆ, ಮುಗ್ಗಲು ವಾಸನೆ ಬರುತ್ತದೆ. ಶಾಂಪೂ ಸರಿಯಾಗಿ ಹೋಗದೆ ಉಳಿದರೆ ಅದರ ಅಂಟಿಗೆ ಹೊಸ ಧೂಳು ಬೇಗ ಹಿಡಿಯುತ್ತದೆ. ತೊಳೆದ ಸ್ವಲ್ಪ ದಿನಕ್ಕೇ ಮೊದಲಿಗಿಂತ ಕೊಳೆಯಾಯಿತು ಅಂತ ಜನ ಹೇಳುವುದಕ್ಕೆ ಬಹಳ ಸಲ ಕಾರಣ ಈ ಅಂಟೇ.

ಸ್ವಲ್ಪ ತೇವ ಇರುವ ಪುಡಿಯಿಂದ ಧೂಳು ಹಿಡಿಯುವುದು ಹೊಸ ಬುದ್ಧಿ ಏನಲ್ಲ. 19ನೇ ಶತಮಾನದ ಇಂಗ್ಲೆಂಡಿನ ಮನೆಗಳಲ್ಲಿ ಕುದಿಸಿದ ಚಹಾ ಸೊಪ್ಪನ್ನು ಎಸೆಯದೆ, ನೀರಲ್ಲಿ ಜಾಲಿಸಿ, ಹಿಂಡಿ, ಕಾರ್ಪೆಟ್ ಮೇಲೆ ಹರಡಿ ಗುಡಿಸುತ್ತಿದ್ದರು. ಒದ್ದೆ ಎಲೆಗೆ ಧೂಳು ಅಂಟುತ್ತಿತ್ತು, ಮೇಲೆ ಹಾರುತ್ತಿರಲಿಲ್ಲ. ಸರಿಯಾಗಿ ಜಾಲಿಸದಿದ್ದರೆ ತಿಳಿ ಬಣ್ಣದ ಕಾರ್ಪೆಟ್‌ಗೆ ಚಹಾ ಕಲೆ ಖಾತ್ರಿ. ಉಣ್ಣೆಯ ಜಿಡ್ಡು ತೆಗೆಯೋಕೆ ಒಂದು ಬಗೆಯ ಜೇಡಿ ಮಣ್ಣನ್ನು ಬಳಸಿದ್ದು ಅದಕ್ಕಿಂತಲೂ ಎಷ್ಟೋ ಹಳೆಯದು, ಮುಲ್ತಾನಿ ಮಿಟ್ಟಿ ಅನ್ನುವುದೂ ಅದೇ ಜಾತಿಯ ಮಣ್ಣು.

ಅಮೆರಿಕದ ಮಿಷಿಗನ್ನಿನಲ್ಲಿ ಪಿಂಗಾಣಿ ಅಂಗಡಿ ಇಟ್ಟಿದ್ದ ಮೆಲ್ವಿಲ್ ಬಿಸೆಲ್‌ಗೆ ಪಾತ್ರೆ ಸುತ್ತಿ ಬರುತ್ತಿದ್ದ ಮರದ ಹೊಟ್ಟು ಕಾರ್ಪೆಟ್‌ನಲ್ಲಿ ಸೇರಿಕೊಳ್ಳುವುದೇ ತಲೆನೋವಾಗಿತ್ತು. 1876ರಲ್ಲಿ ಆತ ಚಕ್ರ ಉರುಳಿದಾಗ ಬ್ರಷ್ ತಾನೇ ತಿರುಗುವ ಗುಡಿಸುವ ಪೆಟ್ಟಿಗೆಗೆ ಪೇಟೆಂಟ್ ಪಡೆದ. ನೋಡಿ, ಆಗ ತೊಂದರೆ ಕೊಟ್ಟ ಮರದ ಹುಡಿಯೇ ಮುಂದೆ ಕ್ಲೀನಿಂಗ್ ಪುಡಿಯಾಗಿ ವಾಪಸ್ ಬಂತು. ಲಂಡನ್ನಿನ ಹ್ಯೂಬರ್ಟ್ ಸೆಸಿಲ್ ಬೂತ್ 1901ರಲ್ಲಿ ಗಾಳಿ ಎಳೆದು ಧೂಳು ತೆಗೆಯುವ ಯಂತ್ರ ಮಾಡಿದ, ಆದರೆ ಅದನ್ನು ಕುದುರೆ ಗಾಡಿಯಲ್ಲಿ ತಂದು ಮನೆ ಮುಂದೆ ನಿಲ್ಲಿಸಿ ಕಿಟಕಿಯಿಂದ ಕೊಳವೆ ಬಿಡಬೇಕಿತ್ತು. ಮನೆಯೊಳಗೆ ತಳ್ಳಬಹುದಾದ ಯಂತ್ರಕ್ಕೆ 1908ರಲ್ಲಿ ಪೇಟೆಂಟ್ ಪಡೆದವನು ಜೇಮ್ಸ್ ಸ್ಪ್ಯಾಂಗ್ಲರ್, ಓಹಾಯೋದ ಒಂದು ಅಂಗಡಿಯಲ್ಲಿ ಕಸ ಗುಡಿಸುತ್ತಿದ್ದ, ಧೂಳಿನಿಂದ ಉಬ್ಬಸ ಪಡುತ್ತಿದ್ದ ಮನುಷ್ಯ. ಪುಡಿ ಪದ್ಧತಿಯ ಅರ್ಧ ಭಾಗ ನಿಂತಿರುವುದು ಈ ಯಂತ್ರದ ಮೇಲೆ. ಮನೆಯಲ್ಲಿ ಒಳ್ಳೆಯ ವ್ಯಾಕ್ಯೂಮ್ ಇಲ್ಲ ಅಂದರೆ ದಯವಿಟ್ಟು ಪುಡಿಯ ಸಹವಾಸವೇ ಬೇಡ, ಪೊರಕೆಯಿಂದ ಅದನ್ನು ವಾಪಸ್ ತೆಗೆಯೋಕೆ ಆಗುವುದಿಲ್ಲ.

ಸಾಧನ ಆರಿಸುವಾಗ ಏನು ನೋಡಬೇಕು? ಮೊದಲು ಉದುರುವ ಜಾಗ. ತೂತು ಮುಚ್ಚಿ ತೆರೆಯೋಕೆ ಒಂದು ಪಟ್ಟಿ ಅಥವಾ ಗುಂಡಿ ಇರಲೇಬೇಕು, ಇಲ್ಲದಿದ್ದರೆ ಎತ್ತಿಕೊಂಡು ಹೋಗುವಾಗ ದಾರಿಯುದ್ದಕ್ಕೂ ಪುಡಿ. ಪುಡಿ ಉದುರಿಸಿದ ಮೇಲೆ ತೂತು ಮುಚ್ಚಿ ಬರೀ ಬ್ರಷ್ ಆಡಿಸಲು ಆಗಬೇಕು, ಯಾಕೆಂದರೆ ಉದುರಿಸುವುದಕ್ಕಿಂತ ತಿಕ್ಕುವುದಕ್ಕೇ ಹೆಚ್ಚು ಹೊತ್ತು ಬೇಕು. ಬ್ರಷ್‌ನ ಕೂದಲು ಬಾಗಿ ಮತ್ತೆ ನೆಟ್ಟಗಾಗುವಂತಿರಬೇಕು. ತೀರಾ ಮೆತ್ತಗಿದ್ದರೆ ಪುಡಿ ಮೇಲೆಯೇ ತೇಲುತ್ತದೆ, ತೀರಾ ಬಿರುಸಾಗಿದ್ದರೆ ಎಳೆ ಕೀಳುತ್ತದೆ. ಒಂದಕ್ಕೊಂದು ಎದುರು ದಿಕ್ಕಿನಲ್ಲಿ ತಿರುಗುವ ಎರಡು ಬ್ರಷ್ ಇರುವ ಕರೆಂಟ್ ಯಂತ್ರಗಳೂ ಇವೆ. ಎಳೆಯ ಎರಡೂ ಕಡೆ ತಿಕ್ಕುತ್ತವೆ, ಮಲಗಿದ ಎಳೆಯನ್ನು ಎಬ್ಬಿಸುತ್ತವೆ, ಕೆಲಸ ನಿಜಕ್ಕೂ ಚೆನ್ನಾಗಿರುತ್ತದೆ. ಆದರೆ ಒಂದು ಕೋಣೆಯ ಕಾರ್ಪೆಟ್‌ಗೆ ಅಷ್ಟು ದೊಡ್ಡ ಯಂತ್ರ ತಂದು ಮೂಲೆಯಲ್ಲಿ ಇಡುವುದು ನನ್ನ ಪ್ರಕಾರ ದಂಡ. ಮುಚ್ಚಳಕ್ಕೆ ತೂತು ಕೊರೆದ ಒಂದು ಡಬ್ಬಿ ಮತ್ತೆ ಒಂದು ಹಿಡಿಯಿರುವ ಬ್ರಷ್ ಇದ್ದರೂ ಸಣ್ಣ ಕಾರ್ಪೆಟ್ ಆಗುತ್ತದೆ, ಸೊಂಟ ಮಾತ್ರ ನೋಯುತ್ತದೆ.

ಮಾಡುವ ಬಗೆ ಹೀಗೆ. ಕಾರ್ಪೆಟ್ ಪೂರ್ತಿ ಒಣಗಿರಬೇಕು, ಒದ್ದೆ ಇದ್ದರೆ ಪುಡಿ ಕೆಸರಾಗುತ್ತದೆ. ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಸ್ವಲ್ಪ ಪುಡಿ ಹಾಕಿ ತಿಕ್ಕಿ, ಬಿಳಿ ಬಟ್ಟೆಯಿಂದ ಒತ್ತಿ ನೋಡಿ. ಬಟ್ಟೆಗೆ ಬಣ್ಣ ಬಂದರೆ ಅಲ್ಲಿಗೇ ನಿಲ್ಲಿಸಿ. ಬಣ್ಣ ಬರಲಿಲ್ಲ ಅಂದರೆ ಮೊದಲು ಚೆನ್ನಾಗಿ ವ್ಯಾಕ್ಯೂಮ್ ಮಾಡಿ, ಆಮೇಲೆ ಪುಡಿ ಉದುರಿಸಿ, ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ ತಿಕ್ಕಿ. ಜಾಸ್ತಿ ಓಡಾಡುವ ಜಾಗಕ್ಕೆ ಇನ್ನೂ ಸ್ವಲ್ಪ ಹೊತ್ತು ಕೊಡಿ. ಆಮೇಲೆ ಪೊಟ್ಟಣದ ಮೇಲೆ ಬರೆದಷ್ಟು ಹೊತ್ತು ಬಿಡಿ, ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆ. ತೇವ ಆರುವ ಮುಂಚೆ ಅವಸರಪಟ್ಟು ಎಳೆದರೆ ಕೊಳೆ ಇನ್ನೂ ಎಳೆಯಲ್ಲೇ ಇರುತ್ತದೆ. ಕೊನೆಗೆ ವ್ಯಾಕ್ಯೂಮ್, ಅದೂ ಎರಡು ದಿಕ್ಕಿನಲ್ಲಿ, ಮಾರನೇ ದಿನ ಇನ್ನೊಂದು ಸಲ. ನಡೆದಾಗ ಅಂಗಾಲಿಗೆ ಪುಡಿ ತಾಗುತ್ತಿದೆ ಅಂದರೆ ಹಾಕಿದ್ದು ಜಾಸ್ತಿಯಾಗಿದೆ, ಮುಂದಿನ ಸಲ ಕಡಿಮೆ ಹಾಕಿ.

ಎಲ್ಲ ಕಾರ್ಪೆಟ್‌ಗೂ ಇದು ಹೊಂದುವುದಿಲ್ಲ. ಎಳೆಯ ತುದಿ ಕತ್ತರಿಸಿದ, ಗಿಡ್ಡ ಎಳೆಯ ಕಾರ್ಪೆಟ್‌ಗೆ ಒಳ್ಳೆಯದು. ಉಣ್ಣೆಗೆ ಒಳ್ಳೆಯದು. ನೀರು ಕಂಡರೆ ಆಗದ ಸೆಣಬು, ಕತ್ತಾಳೆ ನಾರಿನ ಹಾಸಿಗೂ ನೀರಿಗಿಂತ ಇದೇ ವಾಸಿ. ಎಳೆ ಕುಣಿಕೆಯಾಗಿರುವ ಕಡೆ ಮೆತ್ತನೆಯ ಬ್ರಷ್ ಬೇಕು, ಇಲ್ಲದಿದ್ದರೆ ಕುಣಿಕೆ ಎದ್ದು ಜುಂಗು ಜುಂಗಾಗುತ್ತದೆ. ಬೆರಳುದ್ದ ಎಳೆಯ ಕಾರ್ಪೆಟ್‌ಗೆ ಬೇಡ, ಒಳಗೆ ಇಳಿದ ಪುಡಿ ಹೊರಗೆ ಬರುವುದಿಲ್ಲ. ರೇಷ್ಮೆ, ಹಳೆಯ ಕೈನೇಯ್ಗೆ ಇದ್ದರೆ ತಿಳಿದವರ ಕೈಗೆ ಕೊಡಿ.

ಪುಡಿ ಎರಚುವಾಗ ಸ್ವಲ್ಪ ಗಾಳಿಯಲ್ಲಿ ಹಾರುತ್ತದೆ. ಕಿಟಕಿ ತೆರೆದಿರಲಿ, ಮಾಸ್ಕ್ ಇರಲಿ. ಉಬ್ಬಸ ಇರುವವರು, ತೆವಳುವ ಮಗು, ಸಾಕುಪ್ರಾಣಿ, ಇವರೆಲ್ಲ ಕೊನೆಯ ವ್ಯಾಕ್ಯೂಮ್ ಆಗುವವರೆಗೆ ಬೇರೆ ಕೋಣೆಯಲ್ಲಿರಲಿ. ಸಾಲ್ವೆಂಟ್ ಇರುವ ಪುಡಿಯಾದರೆ ಬೆಂಕಿ ಹತ್ತಿರ ಬೇಡ. ಚಿಗಟ ಕೊಲ್ಲುವ ಪುಡಿಯನ್ನು ಇದೇ ಡಬ್ಬಿಗೆ ತುಂಬಬೇಡಿ, ಅದು ಬೇರೆಯೇ ಸಾಮಾನು, ಅದರಲ್ಲಿ ವಿಷ ಇರುತ್ತದೆ.

ಉಳಿದ ಪುಡಿಯನ್ನು ಸಾಧನದಲ್ಲೇ ಬಿಡಬೇಡಿ. ತೇವ ಆರಿದರೆ ಅದು ಬರೀ ಹುಡಿ, ಮತ್ತೆ ಕೆಲಸಕ್ಕೆ ಬಾರದು. ಗಾಳಿ ಹೋಗದ ಹಾಗೆ ಮುಚ್ಚಳ ಬಿಗಿದು ಇಡಿ. ಬ್ರಷ್‌ಗೆ ಸುತ್ತಿಕೊಂಡ ಕೂದಲು, ದಾರ ಕತ್ತರಿಸಿ ತೆಗೆದು, ತೂತುಗಳನ್ನು ಒಣ ಬಟ್ಟೆಯಿಂದ ಒರೆಸಿ. ನೀರಲ್ಲಿ ತೊಳೆದರೆ ಪೂರ್ತಿ ಒಣಗುವವರೆಗೆ ಪುಡಿ ತುಂಬಬೇಡಿ, ತುಂಬಿದರೆ ತೂತಿನಲ್ಲೇ ಗಟ್ಟಿಯಾಗಿ ಮುಂದಿನ ಸಲ ಸೂಜಿ ಹಿಡಿದು ಕೂರಬೇಕಾಗುತ್ತದೆ. ನಮಸ್ಕಾರ.