ತೋಟಾ ಮನೆಯಲ್ಲೇ ತುಂಬಬೇಕೆ, ಅಂಗಡಿಯಲ್ಲಿ ಕೊಳ್ಳಬೇಕೆ?

ಎಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ರೈಫಲ್ ರೇಂಜಿಗೆ ಹೋಗಲು ಶುರುಮಾಡಿದ ನಮ್ಮವರು ಕೆಲವು ತಿಂಗಳಾಗುವಷ್ಟರಲ್ಲಿ ಒಂದು ಪ್ರಶ್ನೆ ಕೇಳುತ್ತಾರೆ. ಪಕ್ಕದ ಬೆಂಚಿನವರು ಹೊಡೆದ ತೋಟಾಗಳ ಖಾಲಿ ಹಿತ್ತಾಳೆ ಕೇಸುಗಳನ್ನು ಒಂದೂ ಬಿಡದೆ ಆರಿಸಿಕೊಂಡು ಹೋಗುತ್ತಾರಲ್ಲ, ನಾವೂ ಮನೆಯಲ್ಲೇ ತುಂಬಿಕೊಂಡರೆ ದುಡ್ಡು ಉಳಿಯುತ್ತದೆಯೇ? ದುಡ್ಡೊಂದೇ ಕಾರಣವಾದರೆ ಬೇಡ ಎನ್ನುವುದು ನನ್ನ ಉತ್ತರ. ನಿಮ್ಮದೇ ರೈಫಲಿಗೆ ಹೇಳಿಮಾಡಿಸಿದಂಥ ತೋಟಾ ಬೇಕು, ದೂರದ ಗುರಿಗೆ ಹೊಡೆಯುತ್ತೀರಿ, ಅಳತೆಯ ಕೆಲಸ ನಿಮಗೆ ಬೇಸರ ತರುವುದಿಲ್ಲ ಅನ್ನುವುದಾದರೆ ಮಾತ್ರ ಕೈಹಾಕಿ. ಯಾಕೆ ಎನ್ನುವುದನ್ನು 308 ವಿಂಚೆಸ್ಟರ್ ಎಂಬ ಒಂದೇ ತೋಟಾ ಹಿಡಿದು ವಿವರಿಸುತ್ತೇನೆ. 1952ರಲ್ಲಿ ಬಂದ ಈ ತೋಟಾ ಬೇಟೆಗೂ ಗುರಿ ಸ್ಪರ್ಧೆಗೂ ಇಂದಿಗೂ ಬಳಕೆಯಲ್ಲಿದೆ.

ಕೊಡಗಿನಲ್ಲೋ ಮಲೆನಾಡಿನಲ್ಲೋ ಕೇಪಿನ ಕೋವಿ ನೋಡಿದವರಿಗೆ ಇದರ ಅರ್ಧ ಆಗಲೇ ಗೊತ್ತಿದೆ. ನಳಿಗೆಯ ಬಾಯಿಂದ ಮದ್ದು ಸುರಿದು, ಸರಳಿನಿಂದ ಗಿಡಿದು, ಗುಂಡು ಇಳಿಸಿ, ಹಿಂದೆ ಕೇಪು ಇಡುತ್ತಿದ್ದರು. ತೋಟಾ ಅಂದರೆ ಅದೇ ಮೂರು ಸಾಮಾನನ್ನು ಒಂದು ಹಿತ್ತಾಳೆ ಡಬ್ಬಿಯೊಳಗೆ ಕೂರಿಸಿದ್ದು. ಹೊಡೆದ ಮೇಲೆ ಕೇಪು, ಮದ್ದು, ಗುಂಡು ಹೋಗುತ್ತವೆ, ಕೇಸು ಉಳಿಯುತ್ತದೆ. ಆದರೆ ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಕೇಪಿನ ಕೋವಿಯ ಕಪ್ಪು ಮದ್ದನ್ನು ಅಳತೆ ಚಿಪ್ಪಿನಲ್ಲಿ ಗಾತ್ರ ನೋಡಿ ಹಾಕುತ್ತಾರೆ. ರೈಫಲಿನ ಹೊಗೆರಹಿತ ಮದ್ದನ್ನು ತೂಕ ಮಾಡಿಯೇ ಹಾಕಬೇಕು. ಒಂದರ ಲೆಕ್ಕ ಇನ್ನೊಂದಕ್ಕೆ ನಡೆಯುವುದಿಲ್ಲ. ಹೊಗೆರಹಿತ ಮದ್ದನ್ನು ಕೇಪಿನ ಕೋವಿಗೆ ತುಂಬಿದರೆ ನಳಿಗೆ ಸಿಡಿಯುತ್ತದೆ.

ಎಲ್ಲ ಕೇಸನ್ನೂ ಮತ್ತೆ ತುಂಬಲು ಸುಲಭವಲ್ಲ. ಒಳಗೆ ಟಾರ್ಚ್ ಬಿಟ್ಟು ನೋಡಿ. ತಳದ ನಡುವೆ ಒಂದೇ ತೂತಿದ್ದರೆ ಅದು ಬಾಕ್ಸರ್ ಮಾದರಿ, ಡೈಯ (ಕೇಸನ್ನು ಒತ್ತಿ ಅಳತೆಗೆ ತರುವ ಉಕ್ಕಿನ ಅಚ್ಚು) ಸೂಜಿ ಹಳೆಯ ಪ್ರೈಮರನ್ನು, ಅಂದರೆ ಕೇಪನ್ನು, ನೇರವಾಗಿ ತಳ್ಳಿ ಬೀಳಿಸುತ್ತದೆ. ಎರಡು ಸಣ್ಣ ತೂತಿದ್ದರೆ ಬರ್ಡನ್ ಮಾದರಿ, ಸೂಜಿ ಮುರಿಯುತ್ತದೆ. ಬಾಕ್ಸರ್ ಬ್ರಿಟಿಷ್ ಸೇನೆಯವರು, ಬರ್ಡನ್ ಅಮೆರಿಕದವರು. ಆದರೆ ಬ್ರಿಟಿಷರ ಮಾದರಿ ಅಮೆರಿಕದಲ್ಲಿ ನೆಲೆಯೂರಿತು, ಅಮೆರಿಕನ್ನರದು ಯೂರೋಪಿನಲ್ಲಿ. ಉಕ್ಕಿನ ಕೇಸು, ಅಲ್ಯುಮಿನಿಯಂ ಕೇಸುಗಳನ್ನೂ ಬಿಟ್ಟುಬಿಡಿ.

ಈಗ ಖರ್ಚಿನ ಮಾತು. ಅಂಗಡಿ ಬೆಲೆ ಏರಿಳಿಯುತ್ತದೆ, ಹಾಗಾಗಿ ಇದನ್ನು ಮಾದರಿ ಲೆಕ್ಕ ಎಂದು ತಿಳಿಯಿರಿ. ಸ್ಪರ್ಧೆ ದರ್ಜೆಯ 20 ತೋಟಾಗಳ ಪೆಟ್ಟಿಗೆಗೆ 40 ಡಾಲರ್ ಆದರೆ ಒಂದಕ್ಕೆ 2 ಡಾಲರ್. ಮನೆಯಲ್ಲಿ ತುಂಬುವಾಗ ಒಂದು ಪೌಂಡ್ ಮದ್ದು ಅಂದರೆ 7000 ಗ್ರೇನ್. ಒಂದಕ್ಕೆ 42 ಗ್ರೇನ್ ಎಂದು ಲೆಕ್ಕಕ್ಕೆ ಹಿಡಿದರೆ 166 ತೋಟಾ. (ಇದು ಖರ್ಚಿನ ಲೆಕ್ಕ ಮಾತ್ರ, ಮದ್ದಿನ ಪ್ರಮಾಣ ಎಂದು ಯಾರೂ ಬರೆದುಕೊಳ್ಳಬೇಡಿ.) ಪೌಂಡಿಗೆ 50 ಡಾಲರ್ ಆದರೆ ತೋಟಾಕ್ಕೆ 30 ಸೆಂಟ್ ಮದ್ದು, ಗುಂಡಿಗೆ 45, ಪ್ರೈಮರಿಗೆ 10, ಒಂದು ಡಾಲರಿನ ಕೇಸನ್ನು ಎಂಟು ಸಲ ಬಳಸಿದರೆ 12. ಎಲ್ಲ ಸೇರಿ ಒಂದು ಡಾಲರಿನ ಆಸುಪಾಸು. ಕೇಸನ್ನು ಡೈಯೊಳಗೆ ನೂಕುವ ಪ್ರೆಸ್, ಡೈ, ತಕ್ಕಡಿ, ಕೇಸು ಕತ್ತರಿಸುವ ಟ್ರಿಮ್ಮರ್, ಉದ್ದ ಅಳೆಯುವ ಕ್ಯಾಲಿಪರ್ ಇವಕ್ಕೆ 600 ಡಾಲರ್ ಹಾಕಿದರೆ ಅದು ವಾಪಸಾಗಲು 600 ತೋಟಾ ಬೇಕು. ಸಾಧಾರಣ ದರ್ಜೆಯ ತೋಟಾ ಅಂಗಡಿಯಲ್ಲೇ ಡಾಲರಿನ ಹತ್ತಿರ ಸಿಗುವಾಗ ಉಳಿತಾಯ ಎಲ್ಲಿಂದ ಬಂತು? ನೂರು ತೋಟಾ ತುಂಬಲು ಒಂದು ಇಡೀ ಮಧ್ಯಾಹ್ನ ಹೋಗುತ್ತದೆ, ಅದನ್ನಂತೂ ಲೆಕ್ಕಕ್ಕೇ ಹಿಡಿದಿಲ್ಲ.

ಹಾಗಾದರೆ ಲಾಭ ಏನು? ಕಾರ್ಖಾನೆಯವರು ತಮ್ಮ ತೋಟಾ ದೇಶದ ಎಲ್ಲ 308 ರೈಫಲುಗಳಲ್ಲೂ ಕೂರಬೇಕು ಎಂದು ಮಾಡುತ್ತಾರೆ. ಅದಕ್ಕಾಗಿ ಕೇಸನ್ನು ಚೂರು ಚಿಕ್ಕದಾಗಿ ಇಡುತ್ತಾರೆ. ನೀವು ನಿಮ್ಮ ಒಂದೇ ಚೇಂಬರಿಗೆ (ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡು) ಹೊಂದಿಸುತ್ತೀರಿ. ನಿಮ್ಮ ನಳಿಗೆ ಮೆಚ್ಚುವ ಗುಂಡು ಯಾವುದು, ಯಾವ ವೇಗದಲ್ಲಿ ಅದು ಒಂದೇ ಕಡೆ ಬೀಳುತ್ತದೆ ಎಂದು ಹುಡುಕಿಕೊಳ್ಳುತ್ತೀರಿ. 168 ಗ್ರೇನ್ ಗುಂಡು ಸೆಕೆಂಡಿಗೆ 2650 ಅಡಿಯಲ್ಲಿ ಹೊರಡುತ್ತದೆ ಅನ್ನಿ. ಒಂದು ತೋಟಾಕ್ಕೂ ಇನ್ನೊಂದಕ್ಕೂ 20 ಅಡಿ ವ್ಯತ್ಯಾಸ ಬಂದರೆ 600 ಗಜದಲ್ಲಿ ಮೇಲೆ ಕೆಳಗೆ ಸುಮಾರು ಎರಡು ಇಂಚು ಸರಿಯುತ್ತದೆ. ಅದೇ ವ್ಯತ್ಯಾಸ 100 ಗಜದಲ್ಲಿ ಗೊತ್ತೇ ಆಗುವುದಿಲ್ಲ. ಆದ್ದರಿಂದ ವರ್ಷಕ್ಕೊಂದು ಜಿಂಕೆ ಬೇಟೆಗೆ ಹೋಗಿ 150 ಗಜದಲ್ಲಿ ಹೊಡೆಯುವವರು ಎರಡು ಪೆಟ್ಟಿಗೆ ಒಳ್ಳೆಯ ತೋಟಾ ಕೊಂಡರೆ ಸಾಕು. ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಲಾಟ್ ನಂಬರು (ಒಂದೇ ಕಂತಿನಲ್ಲಿ ತಯಾರಾದದ್ದರ ಗುರುತು) ಒಂದೇ ಇರಲಿ. ಲಾಟ್ ಬದಲಾದರೆ ಒಳಗಿನ ಮದ್ದೂ ಬದಲಾಗಿರಬಹುದು.

ಇನ್ನು ಕೆಲಸಕ್ಕೆ ಬರೋಣ. ಮೊದಲು ಕೇಸು ತೊಳೆದು, ಕತ್ತಿನಲ್ಲಿ, ಅಂದರೆ ಗುಂಡು ಕೂರುವ ಕಿರಿದಾದ ಭಾಗದಲ್ಲಿ, ಸೀಳು ಇದೆಯೇ ನೋಡಿ. ಆಮೇಲೆ ತೆಳುವಾಗಿ ಗ್ರೀಸು ಸವರಬೇಕು. ಸವರದೆ ಡೈಗೆ ನೂಕಿದರೆ ಕೇಸು ಅಲ್ಲೇ ಕಚ್ಚಿಕೊಳ್ಳುತ್ತದೆ, ಎಳೆದರೆ ಅಂಚು ಹರಿದು ಬರುತ್ತದೆ. ಜಾಸ್ತಿ ಸವರಿದರೆ ಜಾಗವಿಲ್ಲದ ಗ್ರೀಸು ಭುಜದ ಮೇಲೆ (ಕೇಸು ಕತ್ತಿನ ಕಡೆ ಕಿರಿದಾಗುವ ಇಳಿಜಾರು) ಗುಳಿ ಒತ್ತುತ್ತದೆ. ಬೆರಳುಗಳ ನಡುವೆ ತಿರುಗಿಸಿದಾಗ ಜಾರುವ ಹಾಗಿದ್ದರೆ ಸಾಕು.

ಮುಂದಿನ ಹೆಜ್ಜೆ, ಹೊಡೆದಾಗ ಉಬ್ಬಿದ ಕೇಸನ್ನು ಡೈಯಲ್ಲಿ ಒತ್ತಿ ಮತ್ತೆ ಅಳತೆಗೆ ತರುವುದು. ಇಲ್ಲೇ ಹೆಚ್ಚು ಜನ ಎಡವುವುದು, ಇದರ ಬಗ್ಗೆ ನಿಧಾನವಾಗಿ ಹೇಳುತ್ತೇನೆ. ಹೊಡೆದಾಗ ಕೇಸಿನ ಒಳಗಿನ ಒತ್ತಡಕ್ಕೆ ಈ ತೋಟಾದಲ್ಲಿ ಇರುವ ಮಿತಿ ಚದರ ಇಂಚಿಗೆ 62,000 ಪೌಂಡ್. ಆ ಒತ್ತಡಕ್ಕೆ ಕೇಸಿನ ಮುಂಭಾಗದ ತೆಳು ಗೋಡೆ ಉಬ್ಬಿ ಚೇಂಬರನ್ನು ಅವುಚಿ ಹಿಡಿಯುತ್ತದೆ. ದಪ್ಪ ತಳ ಹಾಗೆ ಹಿಡಿಯಲಾರದು, ಹಿಂದಕ್ಕೆ ಸರಿದು ಬೋಲ್ಟಿಗೆ (ಚೇಂಬರನ್ನು ಹಿಂದಿನಿಂದ ಮುಚ್ಚುವ ಉಕ್ಕಿನ ಅಗಳಿ) ಒರಗುತ್ತದೆ. ಮುಂದಿನದು ನಿಂತು ಹಿಂದಿನದು ಸರಿದರೆ ನಡುವಿನ ಹಿತ್ತಾಳೆ ಹಿಗ್ಗಲೇಬೇಕು. ಡೈಯನ್ನು ಪ್ರೆಸ್ಸಿಗೆ ಗಟ್ಟಿಯಾಗಿ ತಿರುಗಿಸಿ ಭುಜವನ್ನು ಹಿಂದಕ್ಕೆ ವಿಪರೀತ ತಳ್ಳಿದಷ್ಟೂ ಕೇಸಿಗೂ ಚೇಂಬರಿಗೂ ನಡುವಿನ ಸಂದು ಹೆಚ್ಚುತ್ತದೆ, ಪ್ರತಿ ಸಲವೂ ಅಷ್ಟಷ್ಟೇ ಹಿಗ್ಗುತ್ತದೆ. ನಾಲ್ಕೈದು ಸಲ ಆಗುವಷ್ಟರಲ್ಲಿ ತಳದಿಂದ ಸ್ವಲ್ಪ ಮೇಲೆ, ಒಳಗಡೆ ಸುತ್ತಲೂ ಒಂದು ಸಣ್ಣ ಕಾಲುವೆ ಬಿದ್ದಿರುತ್ತದೆ. ಇನ್ನೊಂದು ಸಲ ಹೊಡೆದರೆ ಕೇಸು ಅಲ್ಲೇ ಎರಡು ತುಂಡಾಗಿ, ಮುಂದಿನ ತುಂಡು ಚೇಂಬರಿನಲ್ಲಿ ಸಿಕ್ಕಿಕೊಂಡು, ಬಿಸಿ ಗಾಳಿ ಬೋಲ್ಟಿನ ಕಡೆ ನುಗ್ಗುತ್ತದೆ. ರೇಂಜಿನಲ್ಲಿ ಕನ್ನಡಕ ಕಡ್ಡಾಯ ಮಾಡಿರುವುದಕ್ಕೆ ಇಂಥದ್ದೂ ಒಂದು ಕಾರಣ.

ಇದನ್ನು ಪತ್ತೆ ಹಚ್ಚಲು ಒಂದು ಪೇಪರ್ ಕ್ಲಿಪ್ ಸಾಕು. ನೆಟ್ಟಗೆ ಮಾಡಿ, ತುದಿಯನ್ನು ಚೂಪಾಗಿ ಉಜ್ಜಿ, ಎರಡು ಮಿಲಿಮೀಟರಿನಷ್ಟು ಕೊಕ್ಕೆಯಂತೆ ಬಗ್ಗಿಸಿ. ಕೇಸಿನ ಬಾಯಿಂದ ಇಳಿಸಿ ತಳ ಮುಟ್ಟಿಸಿ, ಕೊಕ್ಕೆಯನ್ನು ಗೋಡೆಗೆ ಒತ್ತಿ ಮೆಲ್ಲಗೆ ಮೇಲಕ್ಕೆ ಎಳೆಯಿರಿ. ಗೋಡೆ ಸರಿಯಿದ್ದರೆ ತುದಿ ನಯವಾಗಿ ಜಾರಿ ಬರುತ್ತದೆ. ಕಾಲುವೆ ಇದ್ದರೆ ಟಕ್ ಎಂದು ಉಗುರು ಸಿಕ್ಕಿಕೊಂಡ ಹಾಗೆ ತಡೆಯುತ್ತದೆ. ಹೊರಗಡೆ ಅದೇ ಎತ್ತರದಲ್ಲಿ ಹೊಳೆಯುವ ಉಂಗುರವೂ ಕಾಣಬಹುದು. ಒಂದು ಕೇಸಿನಲ್ಲಿ ಸಿಕ್ಕರೆ ಅದರ ಜೊತೆ ಅಷ್ಟೇ ಸಲ ಹೊಡೆದ ಎಲ್ಲ ಕೇಸನ್ನೂ ಗುಜರಿಗೆ ಹಾಕಿ. ಬಾಯನ್ನು ಇಕ್ಕಳದಿಂದ ಚಪ್ಪಟೆ ಮಾಡಿ ಹಾಕಿದರೆ ಮತ್ತೆ ಯಾರೂ ತುಂಬುವುದಿಲ್ಲ.

ಪರಿಹಾರ ಇಷ್ಟೇ: ಹೊಡೆದ ಕೇಸಿನ ಭುಜದ ಎತ್ತರವನ್ನು ಕಂಪ್ಯಾರೇಟರ್ (ತಳದಿಂದ ಭುಜದವರೆಗೆ ಅಳೆಯಲು ಕ್ಯಾಲಿಪರಿಗೆ ಸಿಕ್ಕಿಸುವ ತುಂಡು) ಹಾಕಿದ ಕ್ಯಾಲಿಪರಿನಲ್ಲಿ ಅಳೆದು, ಡೈಯನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಅದಕ್ಕಿಂತ ಎರಡು ಥೌ ಕಡಿಮೆ ಬರುವಲ್ಲಿ ನಿಲ್ಲಿಸಿ. ಲೇತ್ ಶಾಪಿನಲ್ಲಿ ಥೌ ಅನ್ನುವುದು ಇಂಚಿನ ಸಾವಿರದಲ್ಲೊಂದು ಭಾಗಕ್ಕೆ. ಸೆಮಿ ಆಟೋಮ್ಯಾಟಿಕ್ (ಹೊಡೆದ ಮೇಲೆ ಮುಂದಿನ ತೋಟಾವನ್ನು ತಾನೇ ಏರಿಸಿಕೊಳ್ಳುವ ರೈಫಲ್) ಆದರೆ ಮೂರು ನಾಲ್ಕು ಥೌ ಬೇಕು, ಇಲ್ಲದಿದ್ದರೆ ಬೋಲ್ಟ್ ಪೂರ್ತಿ ಮುಚ್ಚದೆ ಇರಬಹುದು.

ಡೈಯಿಂದ ಬಂದ ಕೇಸು ಉದ್ದವಾಗಿರುತ್ತದೆ. 2.015 ಇಂಚು ಮೀರಿದರೆ 2.005ಕ್ಕೆ ಕತ್ತರಿಸಿ, ಬಾಯಿಯ ಒಳ ಹೊರ ಅಂಚನ್ನು ಉಜ್ಜಿ. ಉದ್ದ ಬಿಟ್ಟರೆ ಕತ್ತು ಚೇಂಬರಿನ ತುದಿಗೆ ತಗುಲಿ ಗುಂಡನ್ನು ಹಿಸುಕಿ ಹಿಡಿಯುತ್ತದೆ, ಗುಂಡು ಬಿಡಿಸಿಕೊಳ್ಳಲಾರದೆ ಒತ್ತಡ ಏರುತ್ತದೆ.

ಪ್ರೈಮರನ್ನು ತಳದ ಮಟ್ಟಕ್ಕಿಂತ ಮೂರರಿಂದ ಐದು ಥೌ ಒಳಗೆ ಕೂರಿಸಿ. ಬೆರಳಿಟ್ಟು ಸವರಿದರೆ ತಗ್ಗು ಗೊತ್ತಾಗಬೇಕು. ಉಬ್ಬಿಕೊಂಡಿದ್ದರೆ ಕೆಲವು ಸೆಮಿ ಆಟೋಮ್ಯಾಟಿಕ್ ರೈಫಲುಗಳಲ್ಲಿ ಕುದುರೆ ಎಳೆಯದೆಯೇ ಬೋಲ್ಟ್ ಬಡಿತಕ್ಕೆ ಈಡು ಹಾರುತ್ತದೆ. ಲಾರ್ಜ್ ಪಿಸ್ತೂಲ್ ಪ್ರೈಮರಿಗೂ ಲಾರ್ಜ್ ರೈಫಲ್ ಪ್ರೈಮರಿಗೂ ವ್ಯಾಸ ಒಂದೇ, ಎತ್ತರವೂ ತಗಡಿನ ದಪ್ಪವೂ ಬೇರೆ. ಅವನ್ನು ಒಂದೇ ಮೇಜಿನ ಮೇಲೆ ತರಲೇಬೇಡಿ. ಪ್ರೈಮರಿನ ಮಸಿಯಲ್ಲಿ ಸೀಸವಿದೆ. ಕೈ ತೊಳೆಯದೆ ಊಟಕ್ಕೆ ಕೂರಬಾರದು, ಅಡುಗೆಮನೆಯಲ್ಲಂತೂ ಈ ಕೆಲಸ ಬೇಡವೇ ಬೇಡ.

ಮದ್ದಿನ ಪ್ರಮಾಣ ಎಷ್ಟು? ಅದನ್ನು ಇಲ್ಲಿ ಹೇಳುವುದಿಲ್ಲ. ಮದ್ದು ತಯಾರಿಸಿದವರ ಇತ್ತೀಚಿನ ಪಟ್ಟಿಯಲ್ಲಿ ನಿಮ್ಮ ಗುಂಡಿನ ತೂಕದ ಮುಂದೆ ಕೊಟ್ಟಿರುವ ಆರಂಭದ ಅಂಕಿಯಿಂದಲೇ ಶುರುಮಾಡಿ, 0.3 ಗ್ರೇನಿನಷ್ಟು ಏರಿಸುತ್ತಾ ಹೋಗಿ. ನಮ್ಮ ಅಕ್ಕಸಾಲಿಗರ ಗುಲಗಂಜಿ ತೂಕ ಸುಮಾರು 0.12 ಗ್ರಾಂ, ಒಂದು ಗ್ರೇನ್ ಅದರ ಅರ್ಧಕ್ಕಿಂತ ಚೂರು ಹೆಚ್ಚು. ನಾವು ಅಳೆಯಬೇಕಾದದ್ದು ಗ್ರೇನಿನ ಹತ್ತನೇ ಒಂದು ಭಾಗ. ಅಷ್ಟು ಸೂಕ್ಷ್ಮ ತಕ್ಕಡಿಯನ್ನು ತಲೆಮೇಲಿನ ಫ್ಯಾನು ಕೂಡ ಅಲುಗಿಸುತ್ತದೆ. ಫ್ಯಾನು ಆರಿಸಿ, ಪರೀಕ್ಷಾ ಬಟ್ಟು ಇಟ್ಟು ಹತ್ತಿಪ್ಪತ್ತು ತೋಟಾಕ್ಕೊಮ್ಮೆ ನೋಡಿ.

ಮದ್ದಿನ ಹೆಸರಿನ ಗೊಂದಲವೂ ಅಪಾಯವೇ. ಐಎಂಆರ್ 4350 ಬೇರೆ, ಎಚ್ 4350 ಬೇರೆ. ಸೇನೆಯ ಕೇಸಿನ ಗೋಡೆ ಸಾಮಾನ್ಯವಾಗಿ ದಪ್ಪ, ಒಳಗೆ ಜಾಗ ಕಡಿಮೆ, ಅದೇ ಮದ್ದಿಗೆ ಒತ್ತಡ ಹೆಚ್ಚು. ಮೇಜಿನ ಮೇಲೆ ಒಂದೇ ಡಬ್ಬಿ ಇರಲಿ. ರೈಫಲ್ ಮದ್ದು ಕೇಸಿನ ಬಹುಪಾಲು ತುಂಬುವುದರಿಂದ ತಪ್ಪಿ ಎರಡು ಸಲ ಹಾಕಿದರೆ ಉಕ್ಕಿ ಚೆಲ್ಲುತ್ತದೆ, ಕಣ್ಣಿಗೆ ಬೀಳುತ್ತದೆ. ಪಿಸ್ತೂಲಿನ ವೇಗದ ಮದ್ದು ಅದೇ ಕೇಸಿಗೆ ಬಿದ್ದರೆ ಉಕ್ಕುವುದಿಲ್ಲ, ಆದರೆ ರೈಫಲನ್ನೇ ಒಡೆಯುತ್ತದೆ. ಕಡ್ಡಿಯಂಥ ಮದ್ದು ಅಳತೆಯಂತ್ರದ ಕೊಳವೆಯಲ್ಲಿ ಅಡ್ಡಗಟ್ಟಿ ನಿಂತರೆ ಒಂದು ಕೇಸಿಗೆ ಕಡಿಮೆ, ಮುಂದಿನದಕ್ಕೆ ಹೆಚ್ಚು ಬೀಳುತ್ತದೆ. ಅದಕ್ಕೇ ಐವತ್ತು ಕೇಸನ್ನು ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ, ಗುಂಡು ಇಡುವ ಮೊದಲು ಟಾರ್ಚಿನಲ್ಲಿ ಒಂದೊಂದರ ಮಟ್ಟವನ್ನೂ ನೋಡಬೇಕು. ಮದ್ದೇ ಇಲ್ಲದ ತೋಟಾದಲ್ಲಿ ಪ್ರೈಮರಿನ ಬಲಕ್ಕೆ ಗುಂಡು ನಳಿಗೆಯೊಳಗೆ ಸಿಕ್ಕಿ ನಿಲ್ಲಬಹುದು. ಈಡಿನ ಸದ್ದು ಸಣ್ಣದಾಗಿ ಕೇಳಿದರೆ ಅಲ್ಲೇ ನಿಲ್ಲಿಸಿ, ಬೋಲ್ಟ್ ತೆಗೆದು ನಳಿಗೆಯಲ್ಲಿ ಬೆಳಕು ಕಾಣುತ್ತದೆಯೇ ನೋಡಿ. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಉಬ್ಬುತ್ತದೆ ಇಲ್ಲವೇ ಒಡೆಯುತ್ತದೆ.

ಗುಂಡು ಕೂರಿಸಿದ ಮೇಲೆ ಒಟ್ಟು ಉದ್ದ 2.810 ಇಂಚು ಮೀರದಿದ್ದರೆ ಮ್ಯಾಗಜಿನ್ನಿಗೆ ತೊಂದರೆ ಬರುವುದಿಲ್ಲ. ರೇಂಜಿನಲ್ಲಿ ಕಡಿಮೆ ಮದ್ದಿನದನ್ನು ಮೊದಲು ಹೊಡೆಯುತ್ತಾ ಬನ್ನಿ. ಬೋಲ್ಟ್ ಎತ್ತಲು ಬಿಗಿಯಾಯಿತು, ತಳದಲ್ಲಿ ಎಜೆಕ್ಟರಿನ (ಖಾಲಿ ಕೇಸನ್ನು ಹೊರಗೆ ಚಿಮ್ಮಿಸುವ ಭಾಗ) ದುಂಡು ಗುರುತು ಬಿತ್ತು, ಪ್ರೈಮರ್ ಚಪ್ಪಟೆಯಾಯಿತು ಎಂದರೆ ಒತ್ತಡ ಹೆಚ್ಚಾಗಿದೆ ಎಂದರ್ಥ, ಉಳಿದದ್ದನ್ನು ಹೊಡೆಯದೆ ಮನೆಗೆ ತನ್ನಿ. ಚಪ್ಪಟೆ ಪ್ರೈಮರ್ ಒಂದನ್ನೇ ನಂಬಲಾಗದು, ಬಿಗಿ ಬೋಲ್ಟನ್ನು ಮಾತ್ರ ಯಾವತ್ತೂ ಕಡೆಗಣಿಸಬೇಡಿ.

ಕಾನೂನಿನ ಮಾತು ನಮ್ಮವರಿಗೆ ಮುಖ್ಯ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಸ್ವಂತ ಬಳಕೆಗೆ ತುಂಬಲು ಲೈಸೆನ್ಸ್ ಬೇಡ, ವ್ಯಾಪಾರಕ್ಕೆ ಬೇಕು. ಆದರೆ ಎಚ್-1ಬಿಯಂಥ ವಲಸೆಯೇತರ ವೀಸಾದವರು ಮಾನ್ಯವಾದ ಬೇಟೆ ಪರವಾನಗಿಯಂಥ ವಿನಾಯಿತಿ ಇಲ್ಲದೆ ತೋಟಾ ಇಟ್ಟುಕೊಳ್ಳುವುದು ಅಪರಾಧ. ಆ ಕಾನೂನಿನಲ್ಲಿ ತೋಟಾ ಅಂದರೆ ಬಿಡಿ ಕೇಸು, ಪ್ರೈಮರ್, ಗುಂಡು, ಮದ್ದು ಎಲ್ಲವೂ ಸೇರಿದೆ. ಸ್ನೇಹಿತರ ಗ್ಯಾರೇಜಿನಿಂದ ಒಂದು ಡಬ್ಬಿ ಮದ್ದು ತಂದಿಟ್ಟುಕೊಂಡರೂ ಅಷ್ಟೇ. ಮನೆಯಲ್ಲಿ ಶೇಖರಣೆಗೆ ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆಯ ಎನ್‌ಎಫ್‌ಪಿಎ 495 ನಿಯಮ ಹೇಳುವ ಮಿತಿ ಮೂಲ ಡಬ್ಬಿಯಲ್ಲೇ 20 ಪೌಂಡ್ ಮದ್ದು, 10,000 ಪ್ರೈಮರ್. ರಾಜ್ಯ, ಊರಿನ ನಿಯಮ ಇನ್ನೂ ಬಿಗಿಯಿರಬಹುದು.

ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವಂತಿಲ್ಲ. ತೋಟಾದ ಭಾಗಗಳು, ತಯಾರಿಸುವ ಯಂತ್ರ ಕೂಡ ಅಲ್ಲಿನ ವ್ಯಾಖ್ಯೆಯಲ್ಲಿ ಸೇರಿವೆ. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಇರುವ ವಿನಾಯಿತಿ 3 ಮತ್ತು 4ನೇ ಕಲಮಿನದು, ಅಂದರೆ ಕೋವಿ ಇಟ್ಟುಕೊಳ್ಳುವುದಕ್ಕೆ. ಊರಿಗೆ ಹೋಗುವಾಗ ರೇಂಜಿಗೆ ಒಯ್ಯುವ ಚೀಲವನ್ನು ಸೂಟ್‌ಕೇಸಿನಂತೆ ಬಳಸಬೇಡಿ. ಹೊಲಿಗೆಯ ಸಂದಿಯಲ್ಲಿ ಉಳಿದ ಒಂದು ತೋಟಾ ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಕಂಡರೆ ಪೊಲೀಸ್ ಕೇಸಾಗುತ್ತದೆ.

ಕೊನೆಯದಾಗಿ ಪೆಟ್ಟಿಗೆಯ ಚೀಟಿ. ತುಂಬಿ ಮುಗಿಸಿದ ಕೂಡಲೇ ಗುಂಡಿನ ಹೆಸರು ಮತ್ತು ತೂಕ, ಮದ್ದಿನ ಹೆಸರು ಮತ್ತು ಲಾಟ್, ಎಷ್ಟು ಗ್ರೇನ್, ಯಾವ ಪ್ರೈಮರ್, ಕೇಸು ಎಷ್ಟನೇ ಸಲ, ಒಟ್ಟು ಉದ್ದ, ತಾರೀಖು ಬರೆದು ಒಳಗೆ ಹಾಕಿ. ಯಾವ ರೈಫಲಿಗೆ ಎಂದೂ ಬರೆಯಿರಿ. ಚೀಟಿ ಇಲ್ಲದ ತೋಟಾ, ಬೇರೆಯವರು ಪ್ರೀತಿಯಿಂದ ಕೊಟ್ಟ ತೋಟಾ ಹೊಡೆಯಬೇಡಿ. ಗುಂಡು ಕೀಳುವ ಸುತ್ತಿಗೆಯಲ್ಲಿ ಬಿಡಿಸಿ, ಕೇಸು ಗುಂಡು ಉಳಿಸಿಕೊಂಡು, ಮದ್ದನ್ನು ಹಿತ್ತಲಿನ ಹುಲ್ಲಿನ ಮೇಲೆ ತೆಳುವಾಗಿ ಹರಡಿ ನೀರು ಹಾಕಿ.