ಸಣ್ಣ ಏರುಮಡಿಯಲ್ಲಿ ಟೊಮೆಟೊ: ಎಷ್ಟು ದೂರ, ಯಾವ ಆಸರೆ

ಎಲ್ಲರಿಗೂ ನಮಸ್ಕಾರ.

ಏರುಮಡಿಯಲ್ಲಿ, ಅಂದರೆ ಚೌಕಟ್ಟು ಕಟ್ಟಿ ನೆಲಕ್ಕಿಂತ ಎತ್ತರಿಸಿದ ಮಡಿಯಲ್ಲಿ, ಟೊಮೆಟೊ ಹಾಕಲು ಹೊರಟವರು ಮೊದಲು ಕೇಳುವುದು ಗಿಡದಿಂದ ಗಿಡಕ್ಕೆ ಎಷ್ಟು ದೂರ ಬಿಡಬೇಕು ಎಂದು. ಇದಕ್ಕೆ ಒಂದೇ ಅಂಕಿಯ ಉತ್ತರವಿಲ್ಲ. ಗಿಡವನ್ನು ಹೇಗೆ ಕಟ್ಟುತ್ತೀರಿ, ಎಷ್ಟು ಕುಡಿ ಚಿವುಟುತ್ತೀರಿ ಎನ್ನುವುದು ಗೊತ್ತಾದ ಮೇಲೆಯೇ ಅಂತರ ಹೇಳಲು ಬರುವುದು. ಹಾಗಾಗಿ ಆಸರೆಯನ್ನು ಮೊದಲು ತೀರ್ಮಾನ ಮಾಡಿ, ಟೇಪು ಆಮೇಲೆ ಹಿಡಿಯಿರಿ.

ಅದಕ್ಕೂ ಮುಂಚೆ ಬೀಜದ ಪೊಟ್ಟಣ ಓದಬೇಕು. ಡಿಟರ್ಮಿನೇಟ್ ಎಂದಿದ್ದರೆ ಅದು ಗಿಡ್ಡ ಜಾತಿ. ಸುಮಾರು 3-4 ಅಡಿ ಬೆಳೆದು, ತುದಿಯಲ್ಲೇ ಹೂಗೊಂಚಲು ಬಿಟ್ಟು, ಅಲ್ಲಿಗೆ ನಿಲ್ಲುತ್ತದೆ. ಕಾಯಿಯೂ ಹೆಚ್ಚುಕಮ್ಮಿ ಒಟ್ಟಿಗೇ ಹಣ್ಣಾಗುತ್ತದೆ. ಇಂಡಿಟರ್ಮಿನೇಟ್ ಎಂದಿದ್ದರೆ ಅದು ಬಳ್ಳಿಯ ಸ್ವಭಾವದ್ದು. ಜೀವ ಇರುವ ತನಕ ಬೆಳೆಯುತ್ತಲೇ ಇರುತ್ತದೆ, 6-8 ಅಡಿ ದಾಟುವುದು ಮಾಮೂಲು. ಚೆರ್ರಿ ಟೊಮೆಟೊಗಳಲ್ಲಿ ಹೆಚ್ಚಿನವು ಈ ಎರಡನೆಯ ಗುಂಪಿನವು. ಹಣ್ಣು ಚಿಕ್ಕದು, ಗಿಡವೂ ಚಿಕ್ಕದಿರಬಹುದು ಎಂದುಕೊಂಡವರು ಇಲ್ಲಿ ಮೋಸ ಹೋಗುತ್ತಾರೆ.

ಈಗ 4 ಅಡಿ ಉದ್ದ, 4 ಅಡಿ ಅಗಲದ ಮಡಿಯನ್ನೇ ತೆಗೆದುಕೊಳ್ಳೋಣ. ಬಳ್ಳಿ ಜಾತಿಯನ್ನು ಚಿವುಟದೆ, ಗಿಡದ ಸುತ್ತ ನಿಲ್ಲಿಸುವ ತಂತಿ ಪಂಜರದೊಳಗೆ ಬಿಡುವುದಾದರೆ 4 ಗಿಡ, ಅದಕ್ಕಿಂತ ಒಂದೂ ಹೆಚ್ಚು ಬೇಡ. ಅಂಚಿನಿಂದ 1 ಅಡಿ, ಗಿಡದಿಂದ ಗಿಡಕ್ಕೆ 2 ಅಡಿ. ಅದೇ ಜಾತಿಯನ್ನು ಪಕ್ಕದ ಕುಡಿಗಳನ್ನೆಲ್ಲ ಚಿವುಟಿ ಒಂಟಿ ಕಾಂಡಕ್ಕೆ ಇಳಿಸಿ ದಾರಕ್ಕೋ ಕೋಲಿಗೋ ಕಟ್ಟುವುದಾದರೆ 6 ಗಿಡ ಕೂರುತ್ತವೆ. 3 ಗಿಡಗಳ 2 ಸಾಲು, ಸಾಲಿನೊಳಗೆ 18 ಇಂಚು, ಸಾಲುಗಳ ನಡುವೆ 28 ಇಂಚು. ನಡುವಿನ ಆ ಜಾಗ ಖಾಲಿ ಕಂಡಿತೆಂದು ಇನ್ನೆರಡು ಸಸಿ ತುರುಕಬೇಡಿ. ಕೈ ಹೋಗುವುದೂ ಗಾಳಿಯಾಡುವುದೂ ಅಲ್ಲಿಂದಲೇ. ಗಿಡ್ಡ ಜಾತಿಗೆ 18ರಿಂದ 24 ಇಂಚು ಸಾಕು.

ಒತ್ತಾಗಿ ನೆಟ್ಟರೆ ಏನಾಗುತ್ತದೆ? ಗೊಬ್ಬರ ಸಾಲದೆ ಹೋಗುತ್ತದೆ ಎನ್ನುವವರು ಬಹಳ. ಗೊಬ್ಬರವನ್ನು ಮೇಲಿಂದ ಕೊಡಬಹುದು, ಗಾಳಿಯನ್ನು ಕೊಡಲಾಗುವುದಿಲ್ಲ. ಎಲೆಗೆ ಎಲೆ ತಾಗಿದ ಕಡೆ ಇಬ್ಬನಿಯೂ ಮಳೆಹನಿಯೂ ಗಂಟೆಗಟ್ಟಲೆ ಆರದೆ ನಿಲ್ಲುತ್ತವೆ. ಎಲೆಚುಕ್ಕೆ ಮತ್ತು ಅಂಗಮಾರಿ ರೋಗದ ಬೀಜಕಣ ಮೊಳೆಯುವುದಕ್ಕೆ ಆ ಒದ್ದೆಯೇ ಬೇಕು. ರೋಗ ಸಾಮಾನ್ಯವಾಗಿ ಕೆಳಗಿನ ಎಲೆಯಿಂದ ಹತ್ತುತ್ತದೆ, ಮಣ್ಣಿನ ಹನಿ ಸಿಡಿಯುವುದು ಅಲ್ಲಿಗೆ. ಗಿಡ 3 ಅಡಿ ದಾಟಿದ ಮೇಲೆ ಬುಡದಿಂದ 10-12 ಇಂಚಿನವರೆಗಿನ ಎಲೆಗಳನ್ನು ತೆಗೆದುಬಿಡಿ, ಮಣ್ಣಿನ ಮೇಲೆ 2-3 ಇಂಚು ಒಣಹುಲ್ಲೋ ತರಗೆಲೆಯೋ ಹೊದಿಸಿ.

ಆಸರೆಯ ವಿಷಯದಲ್ಲಿ ಏರುಮಡಿಗೆ ಒಂದು ವಿಶೇಷ ತೊಂದರೆಯಿದೆ. ಬೇರಿಗೆ ಒಳ್ಳೆಯದೆಂದು ನಾವೇ ಮಾಡಿಟ್ಟ ಸಡಿಲ ಮಣ್ಣು ಕೋಲನ್ನು ಹಿಡಿಯುವುದಿಲ್ಲ. ನೆಟ್ಟ ದಿನ ಗಟ್ಟಿಯಾಗಿಯೇ ಕಾಣುತ್ತದೆ. ಕಾಯಿ ತುಂಬಿ, ಎಲೆಯೆಲ್ಲ ಮಳೆಯಲ್ಲಿ ನೆನೆದು, ಒಂದು ಗಾಳಿ ಬೀಸಿದರೆ ಕೋಲು ಗಿಡವನ್ನು ಕಟ್ಟಿಕೊಂಡೇ ಮಲಗುತ್ತದೆ. ಕೋಲಿನ ಬುಡ ಮಡಿಯ ಮಣ್ಣನ್ನು ದಾಟಿ ಕೆಳಗಿನ ಗಟ್ಟಿ ನೆಲಕ್ಕೆ ಕನಿಷ್ಠ 1 ಅಡಿ ಇಳಿಯಬೇಕು. 8 ಅಡಿ ಕೋಲಾದರೆ ಮಡಿಯೊಳಗೆ 1 ಅಡಿ, ನೆಲದೊಳಗೆ 1 ಅಡಿ, ಮೇಲೆ 6 ಅಡಿ ಉಳಿಯುತ್ತದೆ.

ಕೆಳಗೆ ಕಾಂಕ್ರೀಟೋ ತಾರಸಿಯೋ ಇದ್ದರೆ ಮಡಿಯ ಚೌಕಟ್ಟಿಗೇ ಬಿಗಿಯಬೇಕು. ಹಲಗೆಯ ಒಳಮುಖಕ್ಕೆ ಕೋಲನ್ನಿಟ್ಟು ಮೇಲೊಂದು, ಕೆಳಗೊಂದು ಕಡೆ ಕ್ಲ್ಯಾಂಪ್ ಹಾಕಿ. ಅವೆರಡರ ನಡುವೆ 6 ಇಂಚಾದರೂ ಇರಲಿ. ಒಂದೇ ಸ್ಕ್ರೂ ಹಾಕಿದರೆ ಅದೇ ತಿರುಗಣಿಯಾಗಿ, ಕೋಲು ಅದರ ಸುತ್ತ ವಾಲುತ್ತದೆ. ಯಾವ ಆಸರೆಯಾದರೂ ಸಸಿ ನೆಡುವ ದಿನವೇ ನಿಲ್ಲಬೇಕು. ತಿಂಗಳು ಕಳೆದು ಹೊಡೆದರೆ ಹರಡಿದ ಬೇರನ್ನು ಸೀಳಿಕೊಂಡೇ ಇಳಿಯುತ್ತದೆ. ಎತ್ತರದ ಸಾಲನ್ನು ಮಧ್ಯಾಹ್ನದ ಬಿಸಿಲು ಬರುವ ಬದಿಯಲ್ಲಲ್ಲ, ಅದರ ಆಚೆ ಬದಿಯಲ್ಲಿ ಹಾಕಿದರೆ ಮಡಿಯ ಉಳಿದ ಗಿಡಗಳಿಗೆ ನೆರಳು ಬೀಳದು.

ಪಂಜರ ಬೇಕೆನ್ನುವವರು ಸಿದ್ಧವಾಗಿ ಸಿಗುವ, ಕೆಳಗೆ ಕಿರಿದು ಮೇಲೆ ಅಗಲವಾದ ತಂತಿ ಬುಟ್ಟಿಯನ್ನು ಬಳ್ಳಿ ಜಾತಿಗೆ ಇಡಬೇಡಿ. 3 ಅಡಿ ಎತ್ತರದ, ಬುಡದಲ್ಲಿ ಹಿಡಿತವಿಲ್ಲದ ಆ ಬುಟ್ಟಿ ಮೆಣಸಿನಕಾಯಿ ಗಿಡಕ್ಕೆ ಸರಿ. ಟೊಮೆಟೊಗೆ 6 ಇಂಚು ಕಣ್ಣಿನ, 5 ಅಡಿ ಅಗಲದ ವೆಲ್ಡ್ ಮೆಶ್ (ಬೆಸೆದ ತಂತಿ ಜಾಲರಿ) ತನ್ನಿ. 63 ಇಂಚು ಉದ್ದ ಕತ್ತರಿಸಿ ಸುರುಳಿ ಮಾಡಿದರೆ 20 ಇಂಚು ವ್ಯಾಸದ ಪಂಜರವಾಗುತ್ತದೆ. ಕಣ್ಣು 6 ಇಂಚಿಗಿಂತ ಚಿಕ್ಕದಾದರೆ ಹಣ್ಣು ಹಿಡಿದ ಕೈ ಹೊರಗೆ ಬಾರದು. ಪಂಜರಕ್ಕೂ ಎದುರುಬದುರು 2 ಗೂಟ ಬೇಕೇ ಬೇಕು.

ಸಣ್ಣ ಮಡಿಗೆ ದಾರದ ಪದ್ಧತಿಯೇ ಮೇಲು. 6½-7 ಅಡಿ ಎತ್ತರದಲ್ಲಿ ಅಡ್ಡ ಪೈಪು, ಅದರಿಂದ ಗಿಡಕ್ಕೊಂದು ದಾರ. ಸೆಣಬಿನ ಹುರಿ ಮಣ್ಣಿನ ತೇವಕ್ಕೆ ಬುಡದಲ್ಲಿ ಕೊಳೆತು, ಕಾಯಿ ತೂಗುವ ಹೊತ್ತಿಗೇ ಕಡಿಯಬಹುದು. ಇಲ್ಲಿಗೆ ಪ್ಲಾಸ್ಟಿಕ್ ಹುರಿಯೇ ವಾಸಿ. ಕೆಳತುದಿಯನ್ನು ಕಾಂಡಕ್ಕೆ ಬಿಗಿಯುವ ಬದಲು, ನೆಡುವಾಗಲೇ ಬೇರಿನ ಮುದ್ದೆಯ ಅಡಿಯಲ್ಲಿ ಒಂದು ಸುತ್ತು ಹಾಕಿ ಮಣ್ಣು ಮುಚ್ಚಿದರೆ ಬೇರೇ ಅದನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ವಾರಕ್ಕೊಮ್ಮೆ ಕುಡಿಯನ್ನು ಒಂದೇ ದಿಕ್ಕಿಗೆ ಸುತ್ತುತ್ತ ಹೋಗಿ, 2-3 ಎಲೆಗೊಂದು ಸುತ್ತು. ದಾರ ಎಲೆತೊಟ್ಟಿನ ಕೆಳಗೆ ಬರಬೇಕು. ಹೂಗೊಂಚಲಿನ ಕೆಳಗೆ ಬಂದರೆ ಭಾರಕ್ಕೆ ಗೊಂಚಲೇ ಕಿತ್ತುಬರುತ್ತದೆ.

ಕೋಲಿಗೆ ಕಟ್ಟುವವರು ಹಳೇ ಬನಿಯನ್ನಿನ ಪಟ್ಟಿ ಬಳಸಿ. ಮೊದಲು ಪಟ್ಟಿಯನ್ನು ಕೋಲಿಗೆ ಬಿಗಿಯಾಗಿ ಒಂದು ಸುತ್ತು ತನ್ನಿ, ಎರಡು ತುದಿಯನ್ನೂ ಒಂದರ ಮೇಲೊಂದು ದಾಟಿಸಿ, ಆಮೇಲೆ ಕಾಂಡದ ಸುತ್ತ ಸಡಿಲವಾಗಿ ತಂದು ಗಂಟು ಹಾಕಿ. ಮೇಲಿನಿಂದ ನೋಡಿದರೆ ಇಂಗ್ಲಿಷಿನ 8ರಂತೆ ಕಾಣಬೇಕು. ಕೋಲಿಗೂ ಕಾಂಡಕ್ಕೂ ನಡುವೆ ದಾಟಿದ ಆ ಬಟ್ಟೆಯೇ ಎರಡೂ ಉಜ್ಜದಂತೆ ತಡೆಯುವುದು. ಕಾಂಡದ ಕಡೆಯ ಕುಣಿಕೆಯಲ್ಲಿ ಕಿರುಬೆರಳು ತೂರುವಷ್ಟು ಜಾಗ ಇರಲಿ, ಕಾಂಡ ಇನ್ನೂ ದಪ್ಪವಾಗುವುದಿದೆ. 8-10 ಇಂಚಿಗೊಂದು ಕಟ್ಟು.

ಎಲೆಯ ಕಂಕುಳಲ್ಲಿ ಬರುವ ಕುಡಿಯನ್ನು 2-3 ಇಂಚು ಇರುವಾಗಲೇ ಬೆರಳಿನಿಂದ ಪಕ್ಕಕ್ಕೆ ಬಗ್ಗಿಸಿ ಮುರಿಯಿರಿ. ಬೆಳಗ್ಗೆ ಎಲೆ ಆರಿದ ಕೂಡಲೇ ಈ ಕೆಲಸ ಮಾಡಿದರೆ, ಗಿಡ ನೀರುಂಡು ಬಿರುಸಾಗಿರುವುದರಿಂದ ಕುಡಿ ಲಟಕ್ಕನೆ ಬರುತ್ತದೆ. ಕಟ್ಟುವ ಕೆಲಸಕ್ಕೆ ಇದೇ ಬಿರುಸು ಶತ್ರು. ಅದನ್ನು ಕಾಂಡ ಮೆತ್ತಗಾಗುವ ಮಧ್ಯಾಹ್ನದ ಮೇಲೆ ಇಟ್ಟುಕೊಳ್ಳಿ. ತಂಬಾಕು ಮುಟ್ಟಿದ ಕೈಯನ್ನು ಸೋಪಿನಲ್ಲಿ ತೊಳೆದೇ ಗಿಡ ಮುಟ್ಟಿ, ಮೊಸಾಯಿಕ್ ನಂಜುರೋಗ ಕೈಯಿಂದಲೇ ಹರಡುತ್ತದೆ. ಎರಡು ಕಾಂಡ ಬೇಕಿದ್ದರೆ ಮೊದಲ ಹೂಗೊಂಚಲಿನ ಕೆಳಗಿನ ಕುಡಿಯೊಂದನ್ನು ಉಳಿಸಿ, ಅಂತರವನ್ನು 24 ಇಂಚಿಗೆ ಏರಿಸಿ. ಗಿಡ್ಡ ಜಾತಿಯಲ್ಲಿ ಮೊದಲ ಗೊಂಚಲಿನಿಂದ ಮೇಲಿನ ಕುಡಿ ಚಿವುಟಬಾರದು, ಅದರ ಫಸಲು ಇರುವುದೇ ಆ ಕುಡಿಗಳಲ್ಲಿ. ಎಲೆಯನ್ನು ತೀರಾ ಬೋಳಿಸಿದರೂ ಕಷ್ಟ. ಬಿಸಿಲಿಗೆ ಬಿದ್ದ ಕಾಯಿಯ ಹೆಗಲು ಬಿಳಿಚಿ ಸುಟ್ಟಂತಾಗುತ್ತದೆ.

ನೀರಿನ ಬಗ್ಗೆ ಒಂದೇ ಮಾತು. ಏರುಮಡಿ ನೆಲಕ್ಕಿಂತ ಬೇಗ ಒಣಗುತ್ತದೆ. 4×4 ಅಡಿ ಮಡಿಗೆ 1 ಇಂಚು ನೀರೆಂದರೆ ಸುಮಾರು 38 ಲೀಟರ್. ವಾರಕ್ಕೆ ಇಷ್ಟಾದರೂ ಬೇಕು, ಬೇಸಿಗೆಯಲ್ಲಿ ಒಂದೂವರೆ ಪಟ್ಟು ಅಥವಾ ಇನ್ನೂ ಹೆಚ್ಚು. ಒಮ್ಮೆ ಬಾಡಿಸಿ ಒಮ್ಮೆ ಮುಳುಗಿಸಿದರೆ ಕಾಯಿಗೆ ಕ್ಯಾಲ್ಸಿಯಂ ಸರಿಯಾಗಿ ತಲುಪದೆ ತಳ ಕಪ್ಪಾಗಿ ಕೊಳೆಯುತ್ತದೆ, ಹಣ್ಣು ಬಿರಿಯುತ್ತದೆ.

ಕಟ್ಟುವಾಗ ಕಾಂಡ ಮಡಿಸಿಕೊಂಡು ಸಿಪ್ಪೆಯಲ್ಲಿ ನೇತಾಡಿದರೆ ಕಿತ್ತೆಸೆಯಬೇಡಿ. ಮೊದಲಿನಂತೆ ನೆಟ್ಟಗೆ ಕೂಡಿಸಿ, ಪಕ್ಕಕ್ಕೊಂದು ಕಡ್ಡಿಯಿಟ್ಟು ಟೇಪು ಸುತ್ತಿ, ಒಂದೆರಡು ದಿನ ನೆರಳು ಕೊಡಿ. ಎಷ್ಟೋ ಸಲ ಗಾಯ ಕೂಡಿಕೊಂಡು, ಆ ಜಾಗದಲ್ಲಿ ಗಂಟಿನಂತೆ ಉಬ್ಬಿ ಗಟ್ಟಿಯಾಗುತ್ತದೆ. ಕುಡಿ ಅಡ್ಡ ಪೈಪನ್ನು ಮುಟ್ಟಿದಾಗ ಕೊನೆಯ ಹೂಗೊಂಚಲಿನ ಮೇಲೆ 2 ಎಲೆ ಬಿಟ್ಟು ತುದಿ ಚಿವುಟಿ.

ಈಗ ನಿಮ್ಮ ಮಡಿಯ ಅಳತೆ ಮತ್ತು ಟೊಮೆಟೊ ಜಾತಿ ಹೇಳಿ, ಒಂದೊಂದಾಗಿ ನೋಡೋಣ.